ದೇವರ ಊರಿನ ಬಣ್ಣದ ನೇಯ್ಗೆ

ಮೆಕ್ಸಿಕೊ ಎಂದೊಡನೆ ನಮ್ಮ ಮಕ್ಕಳಿಗೆ ನೆನಪಾಗುವುದು ಅಗಲ ಅಂಚಿನ ಟೋಪಿ, ಕಳ್ಳಿ ಗಿಡ, ಬಹಳವೆಂದರೆ ಫುಟ್‌ಬಾಲ್. ಆದರೆ ಆ ದೇಶ ನಮ್ಮ ಮನೆಯೊಳಗೇ ಬಂದು ಕುಳಿತಿದೆ. ಸಾರಿಗೆ ಹಾಕುವ ಮೆಣಸಿನಕಾಯಿ, ಮಳೆಗಾಲದಲ್ಲಿ ಸುಟ್ಟು ತಿನ್ನುವ ಮೆಕ್ಕೆಜೋಳ, ಆಯುಧಪೂಜೆಯ ದಿನ ಬಾಗಿಲಿಗೆ ಕಟ್ಟುವ ಚೆಂಡುಹೂವು, ದೇವಸ್ಥಾನದ ಅಂಗಳದ ದೇವಕಣಗಿಲೆ - ಇವೆಲ್ಲ ಆ ಕಡೆಯಿಂದ ಹಡಗು ಹತ್ತಿ ಬಂದ ನೆಂಟರು. ಇಂಥ ನೆಂಟಸ್ತಿಕೆಯಿರುವ ನಾಡಿನ ಒಂದು ನೇಕಾರರ ಹಳ್ಳಿಯನ್ನು ಈ ವಾರ ಪರಿಚಯಿಸುತ್ತಿದ್ದೇನೆ. ರಸಾಯನ ವಿಜ್ಞಾನ, ಜೀವವಿಜ್ಞಾನ, ಗಣಿತ, ಇತಿಹಾಸ ಎಲ್ಲವೂ ಒಂದೇ ಚಾವಡಿಯಲ್ಲಿ ಕಲಿಯಲು ಸಿಗುವ ಹಳ್ಳಿ ಅದು.

ಮಕ್ಕಳು ದಯವಿಟ್ಟು ನಕಾಶೆ ತೆಗೆಯಿರಿ. ಮೆಕ್ಸಿಕೊದ ದಕ್ಷಿಣದಲ್ಲಿ ವಾಹಾಕ ಎಂಬ ರಾಜ್ಯವಿದೆ. ಅದರ ಹೆಸರನ್ನು ಬರೆಯುವಾಗ ‘ಎಕ್ಸ್’ ಅಕ್ಷರವಿದ್ದರೂ ಸ್ಪ್ಯಾನಿಷ್ ಉಚ್ಚಾರದಲ್ಲಿ ಅದು ‘ಹ’ಕಾರ. ರಾಜಧಾನಿಯ ಹೆಸರೂ ವಾಹಾಕವೇ. ಅಲ್ಲಿಂದ ಪೂರ್ವಕ್ಕೆ ಸುಮಾರು 30 ಕಿಲೋಮೀಟರ್ ಹೋದರೆ ಬೆಟ್ಟದ ಬುಡದಲ್ಲಿ ‘ಟಿಯೋಟಿಟ್ಲಾನ್ ಡೆಲ್ ವಾಯೆ’ ಸಿಗುತ್ತದೆ. ಇದು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶ. ಅಂದರೆ ನಮ್ಮ ವಿಜಯಪುರ, ಕಲಬುರಗಿಗಳ ನೇರಕ್ಕೆ, ಭೂಗೋಳದ ಆಚೆ ಬದಿಯಲ್ಲಿ. ಸಮುದ್ರಮಟ್ಟದಿಂದ ಒಂದೂವರೆ ಸಾವಿರ ಮೀಟರಿಗಿಂತ ಎತ್ತರದಲ್ಲಿರುವುದರಿಂದ ಬೇಸಿಗೆಯಲ್ಲೂ ಬೆಳಗಿನ ಹೊತ್ತು ತಣ್ಣಗಿರುತ್ತದೆ. ಐದಾರು ಸಾವಿರ ಜನರ ಊರು. ಹೆಚ್ಚಿನ ಮನೆಗಳಲ್ಲಿ ಮಗ್ಗವಿದೆ.

ಅಲ್ಲಿನವರು ಝಪೊಟೆಕ್ ಜನ. ಸ್ಪೇನಿನವರು ಕಾಲಿಡುವುದಕ್ಕೆ ಎರಡು ಸಾವಿರ ವರ್ಷ ಮೊದಲೇ, ಕ್ರಿ.ಪೂ. 500ರ ಸುಮಾರಿಗೆ, ಇವರ ಪೂರ್ವಜರು ಇದೇ ಕಣಿವೆಯ ಗುಡ್ಡದ ತಲೆಯನ್ನು ಸಮತಟ್ಟು ಮಾಡಿ ಮೊಂಟೆ ಆಲ್ಬಾನ್ ಎಂಬ ನಗರ ಕಟ್ಟಿದ್ದರು. ಅದು 1987ರಲ್ಲಿ ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ತಮ್ಮನ್ನು ಇವರು ‘ಮೋಡದ ಜನ’ ಎಂದು ಕರೆದುಕೊಳ್ಳುತ್ತಾರೆ. ಟಿಯೋಟಿಟ್ಲಾನ್ ಎಂಬುದು ಅವರಿಟ್ಟ ಹೆಸರಲ್ಲ. ಅದು ಅಜ್ಟೆಕರ ನಹುವಾ ಭಾಷೆಯದು. ಅರ್ಥ: ‘ದೇವರ ಸ್ಥಳ’.

ಹುಣ್ಣಿಮೆಯ ಲೆಕ್ಕ

ಈ ಊರನ್ನು ನೋಡಲು ಒಳ್ಳೆಯ ಕಾಲವೆಂದರೆ ಈಸ್ಟರಿನ ಹಿಂದಿನ ಪವಿತ್ರ ವಾರ. ಅಲ್ಲಿನವರು ‘ಸೆಮಾನಾ ಸಾಂತಾ’ ಎನ್ನುತ್ತಾರೆ. ಗರಿಗಳ ಭಾನುವಾರದಿಂದ ಆರಂಭವಾಗಿ, ಶುಭ ಶುಕ್ರವಾರವನ್ನು ದಾಟಿ ಈಸ್ಟರ್ ಭಾನುವಾರಕ್ಕೆ ಮುಗಿಯುತ್ತದೆ.

ಕ್ರಿಸ್‌ಮಸ್ ಪ್ರತಿ ವರ್ಷ ಡಿಸೆಂಬರ್ 25ಕ್ಕೇ ಬರುವಾಗ ಈಸ್ಟರ್ ಮಾತ್ರ ಯಾಕೆ ತಾರೀಕು ಬದಲಿಸುತ್ತದೆ ಎಂದು ಮಕ್ಕಳು ತರಗತಿಯಲ್ಲಿ ಕೇಳುವುದುಂಟು. ಕಾರಣ, ಅದು ಸೂರ್ಯ ಚಂದ್ರ ಇಬ್ಬರನ್ನೂ ಕೇಳಿಕೊಂಡು ಬರುವ ಹಬ್ಬ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆಯನ್ನು ಹಿಡಿದು, ಅದರ ಮುಂದಿನ ಭಾನುವಾರವನ್ನು ಈಸ್ಟರ್ ಎಂದು ಎಣಿಸುತ್ತಾರೆ. ಹಾಗಾಗಿ ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಯಾವಾಗಲಾದರೂ ಬರಬಹುದು. ನಮ್ಮ ಯುಗಾದಿ, ಹೋಳಿಗಳೂ ಚಂದ್ರನ ಲೆಕ್ಕದವೇ. 2024ರಲ್ಲಿ ಮಾರ್ಚ್ 25 ಸೋಮವಾರ ನಮ್ಮಲ್ಲಿ ಹೋಳಿ ಹಬ್ಬ. ಟಿಯೋಟಿಟ್ಲಾನಿನಲ್ಲಿ ಅದೇ ದಿನ ಪವಿತ್ರ ಸೋಮವಾರದ ಮೆರವಣಿಗೆ. ಒಂದೇ ಹುಣ್ಣಿಮೆ ಎರಡು ಖಂಡಗಳಲ್ಲಿ ಎರಡು ಬಣ್ಣದ ಹಬ್ಬಗಳನ್ನು ಎಬ್ಬಿಸಿತ್ತು.

ಓಣಿಗೆ ಬಂದ ಕಂಬಳಿಗಳು

ಮೆಕ್ಸಿಕೊದ ದೊಡ್ಡ ಊರುಗಳಲ್ಲಿ ಗುರುವಾರ, ಶುಕ್ರವಾರಗಳಿಗೆ ಜನ ಕಾದಿರುತ್ತಾರೆ. ಟಿಯೋಟಿಟ್ಲಾನಿನ ವಿಶೇಷವೆಂದರೆ ಸೋಮವಾರ. ಬೆಳ್ಳಂಬೆಳಗ್ಗೆ ಚರ್ಚಿನಿಂದ ಯೇಸುವಿನ ಮತ್ತು ಮಾತೆ ಮರಿಯಳ ಪ್ರತಿಮೆಗಳನ್ನು ಹೆಗಲ ಮೇಲೆ ಹೊತ್ತು ಹೊರಡುತ್ತಾರೆ. ಊರಿನ ಒಂದೊಂದು ಕೇರಿಯನ್ನೂ ಬಿಡದೆ ಸುತ್ತಿ ಮರಳುವ ಹೊತ್ತಿಗೆ ಮಧ್ಯಾಹ್ನ ಕಳೆದಿರುತ್ತದೆ. ಶಿಲುಬೆಯ ಹಾದಿಯ ಹದಿನಾಲ್ಕು ಸ್ಥಳಗಳಿಗೆ ಸರಿಯಾಗಿ ದಾರಿಯುದ್ದಕ್ಕೂ ತಂಗುವ ತಾಣಗಳಿರುತ್ತವೆ. ಆ ತಾಣಗಳ ಅಲಂಕಾರ ಆಯಾ ಕೇರಿಯ ಮನೆಯವರದು. ಅವರು ಮನೆಯ ಪೆಟ್ಟಿಗೆಯಿಂದ ತೆಗೆದ ಉತ್ತಮ ನೇಯ್ಗೆಗಳನ್ನು, ಕಸೂತಿ ಬಟ್ಟೆಗಳನ್ನು ಗೋಡೆಗೆ, ಚಪ್ಪರಕ್ಕೆ ತೂಗುಹಾಕುತ್ತಾರೆ. ಉಳಿದ ದಿನಗಳಲ್ಲಿ ಮಾರಾಟಕ್ಕೆ ತೂಗುವ ನೇಯ್ಗೆ ಅಂದು ದೇವರಿಗಾಗಿ ತೂಗುತ್ತದೆ.

ಮೆರವಣಿಗೆಯ ಮುಂದೆ ಡೋಲು, ಜೊತೆಗೆ ‘ಚಿರಿಮಿಯಾ’ ಎಂಬ ಊದುವ ವಾದ್ಯ. ಅದು ನಮ್ಮ ಮೌರಿ, ಶಹನಾಯಿಗಳ ಜಾತಿಯದು. ಎರಡು ಓಲೆಯ ನಾಲಗೆಗಳು ಕಂಪಿಸಿ ನಾದ ಹುಟ್ಟುತ್ತದೆ. ಅದರ ಹಿಂದೆ ಹಿತ್ತಾಳೆಯ ವಾದ್ಯಗಳ ತಂಡ. ಕೋಪಲ್ ಎಂಬ ಮರದ ಅಂಟಿನ ಧೂಪ. ಇದನ್ನು ಸ್ಪೇನಿನವರು ಬರುವ ಮೊದಲಿನಿಂದಲೂ ಅಲ್ಲಿನವರು ದೇವರಿಗೆ ಹಾಕುತ್ತಿದ್ದರು. ಮಾರ್ಚ್-ಏಪ್ರಿಲ್ ಅಲ್ಲಿಯೂ ಕಡುಬೇಸಿಗೆ. ಮಳೆ ಬರಲು ಮೇ ತಿಂಗಳಾಗಬೇಕು. ಬಿಸಿಲಲ್ಲಿ ನಡೆದು ಬಂದವರಿಗೆ ತಾಣದ ಮನೆಯವರು ತಂಪು ಪಾನೀಯ, ತಿನಿಸು ಹಂಚುತ್ತಾರೆ. ಪರವೂರಿನವನೆಂದು ಯಾರನ್ನೂ ಬಿಡುವುದಿಲ್ಲ.

ಹಾಗಾದರೆ ಇಷ್ಟೊಂದು ಖರ್ಚು ಯಾರದು? ಇಲ್ಲಿ ಒಂದು ಪದ ಕಲಿಯಬೇಕು: ‘ಗೆಲಗೆತ್ಸಾ’. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಮುಯ್ಯಿ ಎನ್ನುತ್ತೇವೆ. ನಿನ್ನ ಮನೆಯ ಮದುವೆಗೆ ನಾನು ಒಂದು ಟರ್ಕಿ ಕೋಳಿ, ಇಷ್ಟು ಮೆಕ್ಕೆಜೋಳ ಕೊಟ್ಟರೆ ನನ್ನ ಮನೆಯ ಕಾರ್ಯಕ್ಕೆ ನೀನು ಅಷ್ಟನ್ನೇ ತರಬೇಕು. ಕೊಟ್ಟದ್ದನ್ನೂ ಪಡೆದದ್ದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ತಾಯಿತಂದೆ ಹೋದ ಮೇಲೆ ಸಾಲವೂ ಪುಸ್ತಕವೂ ಮಕ್ಕಳಿಗೆ ಬರುತ್ತವೆ. ಇದರ ಜೊತೆಗೆ ‘ತೆಕಿಯೊ’ ಎಂಬುದೊಂದಿದೆ: ರಸ್ತೆ, ಕಾಲುವೆ, ಶಾಲೆಯ ಕೆಲಸಕ್ಕೆ ಮನೆಗೊಂದಾಳು ಕೂಲಿಯಿಲ್ಲದೆ ಬಂದು ದುಡಿಯಬೇಕು. ಊರಿನ ಅಧಿಕಾರ ಸ್ಥಾನಗಳೂ ಹೀಗೆಯೇ. ಸಭೆ ಸೇರಿ ಹೆಸರಿಸಿದವರು ವರ್ಷಗಟ್ಟಲೆ ಸಂಬಳವಿಲ್ಲದೆ ಸೇವೆ ಮಾಡಬೇಕು. ಇಂಥ ಊರುಗಳ ಸಂಪ್ರದಾಯದ ಆಡಳಿತಕ್ಕೆ ವಾಹಾಕ ರಾಜ್ಯ 1995ರಲ್ಲಿ ಕಾನೂನಿನ ಮಾನ್ಯತೆ ಕೊಟ್ಟಿತು.

ಗುರುವಾರದಿಂದ ಚರ್ಚಿನ ಗಂಟೆ ಮೌನ. ಶನಿವಾರ ರಾತ್ರಿಯವರೆಗೆ ಗಂಟೆಯ ಬದಲು ಮರದ ಗಿರಗಟ್ಟೆ ಕಟಕಟಿಸಿ ಜನರನ್ನು ಕರೆಯುತ್ತಾರೆ. ಲೋಹದ ನಾದ ಹಬ್ಬದ್ದು, ಮರದ ಸದ್ದು ಶೋಕದ್ದು. ಈ ದಿನಗಳಲ್ಲಿ ಚರ್ಚಿನ ಹೊರಗೋಡೆಯನ್ನು ನಿಧಾನವಾಗಿ ನೋಡಬೇಕು. ಅಲ್ಲಲ್ಲಿ ಕೆತ್ತನೆಯ ಹಳೆಯ ಕಲ್ಲುಗಳು ಕಾಣುತ್ತವೆ. ಇದ್ದ ಝಪೊಟೆಕ್ ದೇಗುಲವನ್ನು ಕೆಡವಿ ಅದರ ಕಲ್ಲುಗಳಿಂದಲೇ ಸ್ಪೇನಿನವರು ಚರ್ಚು ಕಟ್ಟಿಸಿದರು. ಗೋಡೆ ಕಟ್ಟಿದವರು ಊರಿನವರೇ. ಹಳೆಯ ಕಲ್ಲು ಹೊಸ ಗೋಡೆಯಲ್ಲಿ ಉಳಿದ ಹಾಗೆ ಹಳೆಯ ಬದುಕು ಹೊಸ ಧರ್ಮದೊಳಗೂ ಉಳಿದುಕೊಂಡಿತು.

ಊರಿನ ಇನ್ನೊಂದು ಕಸುಬು ಜೇನುಮೇಣದ ಬತ್ತಿ. ಮೇಣವನ್ನು ಬಿಸಿಲಿನಲ್ಲಿ ಹರಡಿ ಬೆಳ್ಳಗಾಗಿಸಿ, ಕರಗಿಸಿ, ತೂಗುಬಿಟ್ಟ ನೂಲಿನ ಮೇಲೆ ಸೌಟಿನಿಂದ ಮತ್ತೆ ಮತ್ತೆ ಸುರಿಯುತ್ತಾರೆ. ಒಂದು ಪದರ ಆರಿದ ಮೇಲೆ ಇನ್ನೊಂದು. ಜೇನುಮೇಣ 62ರಿಂದ 64 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ತೀರ ಬಿಸಿಯಾದರೆ ಹಿಂದಿನ ಪದರವೂ ಕರಗಿ ಇಳಿಯುತ್ತದೆ. ತಣ್ಣಗಾದರೆ ಗಂಟು ಕಟ್ಟುತ್ತದೆ. ಉಷ್ಣಮಾಪಕವಿಲ್ಲದೆ ಅಲ್ಲಿನ ಹೆಂಗಸರು ಕಣ್ಣಳತೆಯಿಂದಲೇ ಹದ ಹಿಡಿಯುತ್ತಾರೆ.

ಮಗ್ಗ ಕಲಿಸುವ ಗಣಿತ

ಸ್ಪೇನಿನವರಿಗೆ ಮೊದಲು ಅಲ್ಲಿ ಕುರಿಯೇ ಇರಲಿಲ್ಲ. ಹತ್ತಿ ಮತ್ತು ಕತ್ತಾಳೆ ಜಾತಿಯ ನಾರನ್ನು ಹೆಂಗಸರು ಸೊಂಟದ ಮಗ್ಗದಲ್ಲಿ ನೇಯುತ್ತಿದ್ದರು. ಹಾಸಿನ ಒಂದು ತುದಿಯನ್ನು ಮರಕ್ಕೆ ಕಟ್ಟಿ, ಇನ್ನೊಂದನ್ನು ಪಟ್ಟಿಯಿಂದ ತಮ್ಮ ಸೊಂಟಕ್ಕೆ ಬಿಗಿದು, ಹಿಂದಕ್ಕೆ ಬಾಗಿ ಎಳೆತ ಕೊಡುವ ಮಗ್ಗ ಅದು. ಹದಿನಾರನೆಯ ಶತಮಾನದಲ್ಲಿ ಕುರಿ, ಉಣ್ಣೆ, ರಾಟೆ ಮತ್ತು ಕಾಲಿನಿಂದ ತುಳಿಯುವ ದೊಡ್ಡ ಮಗ್ಗ ಬಂದವು. ಆ ಮಗ್ಗ ಗಂಡಸರ ಕೈಗೆ ಹೋಯಿತು. ಕುರಿಯ ಉಣ್ಣೆಯಿಂದ ಹೊದೆಯುವ ಕಂಬಳಿ ನೇಯತೊಡಗಿದರು. ಇಪ್ಪತ್ತನೆಯ ಶತಮಾನದಲ್ಲಿ ಪ್ರವಾಸಿಗಳು ಬಂದ ಮೇಲೆ ಕಂಬಳಿ ನೆಲಹಾಸಾಯಿತು, ಗೋಡೆಗೆ ತೂಗುವ ಚಿತ್ರವಾಯಿತು.

ನೇಯುವ ಕ್ರಮ ಹೇಳುತ್ತೇನೆ. ಹಾಸಿನ ಎಳೆಗಳು ಉದ್ದಕ್ಕೆ ಬಿಗಿದಿರುತ್ತವೆ. ನೇಕಾರ ನಿಂತುಕೊಂಡು ಎರಡು ತುಳಿಮಣೆಗಳನ್ನು ಒಂದಾದ ಮೇಲೊಂದು ತುಳಿಯುತ್ತಾನೆ. ಬೆಸ ಎಳೆಗಳು ಒಮ್ಮೆ, ಸಮ ಎಳೆಗಳು ಒಮ್ಮೆ ಮೇಲೇಳುತ್ತವೆ. ನಡುವಿನ ಕಂಡಿಯಲ್ಲಿ ಹೊಕ್ಕಿನ ಎಳೆ ಹಾಯಿಸಬೇಕು. ಸಾಮಾನ್ಯ ಬಟ್ಟೆಯಲ್ಲಿ ಲಾಳಿ ಈ ಅಂಚಿನಿಂದ ಆ ಅಂಚಿಗೆ ಹಾರುತ್ತದೆ. ಇಲ್ಲಿ ಹಾಗಲ್ಲ. ಕೆಂಪು ಎಲ್ಲಿ ಬೇಕೋ ಅಲ್ಲಿಯವರೆಗೆ ಮಾತ್ರ ಕೆಂಪು ಎಳೆ ಹೋಗಿ ಹಿಂದಿರುಗುತ್ತದೆ. ಪಕ್ಕದಿಂದ ನೀಲಿಯದು ಶುರು. ಒಂದೇ ಸಾಲಿನಲ್ಲಿ ಹತ್ತಾರು ಬಣ್ಣದ ಉಂಡೆಗಳು ತಮ್ಮ ತಮ್ಮ ಗಡಿಯೊಳಗೆ ಓಡಾಡುತ್ತವೆ. ಹಣಿಗೆಯಿಂದ ಬಡಿದು ಬಡಿದು ಹೊಕ್ಕನ್ನು ಒತ್ತುವುದರಿಂದ ಹಾಸು ಪೂರ್ತಿ ಮುಚ್ಚಿಹೋಗುತ್ತದೆ. ಒಂದು ದಿನವೆಲ್ಲ ನೇಯ್ದರೂ ನಯವಾದ ಕೆಲಸವಾದರೆ ಮುಗಿಯುವುದು ಕೆಲವೇ ಬೆರಳಗಲ. ದೊಡ್ಡ ಹಾಸಿಗೆ ತಿಂಗಳುಗಳೇ ಹಿಡಿಯುತ್ತವೆ.

ಈ ನೇಯ್ಗೆಯಲ್ಲಿ ಎದ್ದು ಕಾಣುವುದು ಮೆಟ್ಟಿಲು ಮೆಟ್ಟಿಲಾಗಿ ಸುರುಳಿ ಸುತ್ತುವ ‘ಗ್ರೇಕಾ’ ವಿನ್ಯಾಸ. ಹತ್ತಿರದ ಮಿತ್ಲಾ ಎಂಬಲ್ಲಿ ಹಳೆಯ ಝಪೊಟೆಕ್ ಅರಮನೆಗಳ ಗೋಡೆಯ ಮೇಲೆ ಸಾವಿರಾರು ಕಲ್ಲಿನ ತುಂಡುಗಳನ್ನು ಗಾರೆಯಿಲ್ಲದೆ ಕೂಡಿಸಿ ಮಾಡಿದ ಇಂಥದೇ ಮಾದರಿಗಳಿವೆ. ಮೆಟ್ಟಿಲು ಆಕಾರವೇ ಏಕೆ ಎಂದರೆ ಮಗ್ಗದ ಸ್ವಭಾವ ಅದು. ಹಾಸು ಹೊಕ್ಕುಗಳು ಸೇರಿ ಚೌಕಗಳ ಬಲೆಯಾಗುತ್ತವೆ. ಓರೆ ಗೆರೆ ಬೇಕಾದರೆ ‘ಇಷ್ಟು ಸಾಲು ಮೇಲೆ, ಇಷ್ಟು ಎಳೆ ಪಕ್ಕಕ್ಕೆ’ ಎಂದು ಎಣಿಸಿ ಸಾಗಬೇಕು. ನೀವು ಗ್ರಾಫ್ ಹಾಳೆಯಲ್ಲಿ ಕಲಿಯುವ ಸರಳರೇಖೆಯ ಇಳಿಜಾರು ಇದೇ. ಕಂಪ್ಯೂಟರ್ ಪರದೆಯ ಚಿತ್ರವೂ ಚಿಕ್ಕ ಚೌಕಗಳಿಂದಲೇ ಆಗುವುದು. ಆದ್ದರಿಂದ ಮಗ್ಗದ ಮೇಲೆ ಬಹಳ ಕಷ್ಟದ್ದು ವೃತ್ತ. 1970ರ ದಶಕದಿಂದ ಈ ಊರಿನ ನೇಕಾರರು ಪಿಕಾಸೊ, ಮೀರೊ, ಎಷರ್ ಮುಂತಾದವರ ಚಿತ್ರಗಳನ್ನೂ ಉಣ್ಣೆಯಲ್ಲಿ ಇಳಿಸಿ ತೋರಿಸಿದರು. ಬಾಗಿದ ಗೆರೆಯೂ ತಮಗೆ ಅಸಾಧ್ಯವಲ್ಲ ಎಂದು ಸಾಬೀತು ಮಾಡಿದರು.

ಹುಳುವಿನ ರಕ್ತದಂಥ ಕೆಂಪು

ಇನ್ನು ಬಣ್ಣದ ಚಾವಡಿಗೆ ಬನ್ನಿ. ಇದು ನನ್ನಂಥ ವಿಜ್ಞಾನದ ಮೇಷ್ಟ್ರಿಗೆ ಪ್ರಯೋಗಾಲಯವೇ ಸರಿ.

ಗೋಡೆಗೆ ಆನಿಸಿದ ಕಳ್ಳಿಯ ಅಗಲ ಎಲೆಗಳ ಮೇಲೆ ಬೂಷ್ಟು ಹಿಡಿದಂತೆ ಬಿಳಿ ಚುಕ್ಕೆಗಳಿರುತ್ತವೆ. (ನಾವು ಎಲೆ ಎನ್ನುವುದು ನಿಜವಾಗಿ ಕಾಂಡ, ಮುಳ್ಳುಗಳೇ ಎಲೆಯ ರೂಪಾಂತರ.) ಒಂದು ಚುಕ್ಕೆಯನ್ನು ಬೆರಳಿನಿಂದ ಒತ್ತಿದರೆ ಕಡುಗೆಂಪು ರಸ ಚಿಮ್ಮುತ್ತದೆ. ಅದು ಕೊಚಿನೀಲ್ ಎಂಬ ಕೀಟದ ಹೆಣ್ಣು. ಬಿಳಿಯದು ಅದು ಹೊದ್ದ ಮೇಣದ ಪುಡಿ. ಗಂಡಿಗೆ ರೆಕ್ಕೆಯಿದೆ, ಆಯುಸ್ಸು ಕೆಲವೇ ದಿನ. ಹೆಣ್ಣಿಗೆ ರೆಕ್ಕೆಯಿಲ್ಲ, ಕಳ್ಳಿಗೆ ಸೊಂಡಿಲು ಚುಚ್ಚಿ ಕುಳಿತರೆ ಕುಳಿತಲ್ಲೇ ಬದುಕು. ಓಡಲಾರದ ಜೀವಿ ಶತ್ರುವಿನಿಂದ ಪಾರಾಗುವುದು ಹೇಗೆ? ಅದು ತನ್ನ ಮೈಯಲ್ಲಿ ಕಾರ್ಮಿನಿಕ್ ಆಮ್ಲ ಎಂಬ ಕೆಂಪು ರಾಸಾಯನಿಕವನ್ನು ತುಂಬಿಕೊಳ್ಳುತ್ತದೆ. ಇರುವೆಗಳಿಗೆ ಅದು ಒಗ್ಗದು ಎಂದು 1980ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಒಣಗಿದ ಕೀಟದ ತೂಕದಲ್ಲಿ ಸುಮಾರು ಐದನೆಯ ಒಂದು ಭಾಗ ಈ ಆಮ್ಲವೇ. ಕೀಟದ ಆತ್ಮರಕ್ಷಣೆಯ ಮದ್ದು ಮನುಷ್ಯನಿಗೆ ಬಣ್ಣವಾಯಿತು.

ಸುಮಾರು ಮೂರು ತಿಂಗಳಿಗೆ ಬೆಳೆದ ಹೆಣ್ಣುಗಳನ್ನು ಕೆರೆದು ತೆಗೆದು ಒಣಗಿಸುತ್ತಾರೆ. ಒಂದು ಕಿಲೋ ಒಣ ಕೊಚಿನೀಲ್ ಆಗಲು ಸುಮಾರು ಒಂದೂವರೆ ಲಕ್ಷ ಹುಳು ಬೇಕು. ಒಣಗಿದ ಮೇಲೆ ಅದು ಬೂದು ಬಣ್ಣದ ಸಣ್ಣ ಕಾಳಿನಂತೆ ಕಾಣುತ್ತದೆ. ಅದನ್ನು ನಮ್ಮ ಅರೆಯುವ ಕಲ್ಲಿನಂಥದೇ ‘ಮೆಟಾಟೆ’ಯ ಮೇಲೆ ನುಣ್ಣಗೆ ಅರೆಯುತ್ತಾರೆ. ಪುಡಿಯನ್ನು ಅಂಗೈಯಲ್ಲಿಟ್ಟು ನೀರು ಹಾಕಿದರೆ ಕಡುಗೆಂಪು. ನಿಂಬೆಹಣ್ಣು ಹಿಂಡಿದರೆ ಕಿತ್ತಳೆಗೆ ತಿರುಗುತ್ತದೆ. ಅಡುಗೆ ಸೋಡಾ ಚಿಟಿಕೆ ಹಾಕಿದರೆ ನೇರಳೆ. ನೋಡುವವರು ಇದನ್ನು ಮಾಯ ಎನ್ನುತ್ತಾರೆ. ಎಂಟನೆಯ ತರಗತಿಯ ಹುಡುಗಿ ಇದನ್ನು ಆಮ್ಲ-ಪ್ರತ್ಯಾಮ್ಲ ಸೂಚಕ ಎನ್ನಬೇಕು. ನಮ್ಮ ಅರಿಶಿನ, ದಾಸವಾಳಗಳು ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ.

ಆದರೆ ಬಣ್ಣ ಬಂದರೆ ಸಾಲದು, ನಿಲ್ಲಬೇಕು. ಅದಕ್ಕೆ ಉಣ್ಣೆಯ ಲಡಿಗಳನ್ನು ಮೊದಲು ಪಟಿಕದ ನೀರಿನಲ್ಲಿ ಕುದಿಸುತ್ತಾರೆ. ಪಟಿಕದ ಅಲ್ಯೂಮಿನಿಯಂ ಒಂದು ಕೈಯಲ್ಲಿ ಉಣ್ಣೆಯನ್ನೂ ಇನ್ನೊಂದು ಕೈಯಲ್ಲಿ ಬಣ್ಣದ ಅಣುವನ್ನೂ ಹಿಡಿದುಕೊಳ್ಳುತ್ತದೆ. ಇಂಥ ಪದಾರ್ಥಕ್ಕೆ ವರ್ಣಬಂಧಕ ಎಂದು ಹೆಸರು. ಲೋಹ ಬದಲಾದರೆ ಬಣ್ಣವೂ ಬದಲು. ತವರ ಸೇರಿದರೆ ಉಜ್ಜ್ವಲ ಕೆಂಪು, ಕಬ್ಬಿಣ ಸೇರಿದರೆ ಕಪ್ಪು ಮಿಶ್ರಿತ ನೇರಳೆ.

ನೀಲಿಯ ಕಥೆಯೇ ಬೇರೆ. ನೀಲಿ ಗಿಡದ ಬಣ್ಣ ನೀರಿನಲ್ಲಿ ಕರಗುವುದೇ ಇಲ್ಲ. ಅದನ್ನು ಕ್ಷಾರದ ತೊಟ್ಟಿಯಲ್ಲಿ ಹುದುಗು ಬರಿಸಿ ಆಮ್ಲಜನಕ ಕಳೆಯಬೇಕು. ಆಗ ಹಳದಿ-ಹಸಿರಾಗಿ ಕರಗುತ್ತದೆ. ಅದರಲ್ಲಿ ಅದ್ದಿದ ಉಣ್ಣೆ ಹೊರಬರುವಾಗ ಹಸಿರು. ಗಾಳಿ ಸೋಕುತ್ತಿದ್ದಂತೆ ನೋಡನೋಡುತ್ತ ನೀಲಿಯಾಗುತ್ತದೆ. ಅಪಕರ್ಷಣ, ಉತ್ಕರ್ಷಣ ಎಂದು ಬಾಯಿಪಾಠ ಮಾಡುವ ಪಾಠ ಕಣ್ಣೆದುರೇ ನಡೆಯುತ್ತದೆ. ಹಳದಿಗೆ ಚೆಂಡುಹೂವಿನ ಜಾತಿಯ ಕಾಡು ಗಿಡ, ದಾಳಿಂಬೆ ಸಿಪ್ಪೆ. ಕಪ್ಪಿಗೆ ‘ವಿಸಾಚೆ’ ಎಂಬ ಮರದ ಕಾಯಿ. ಅದು ನಮ್ಮಲ್ಲೂ ಬೆಳೆಯುವ ಕಸ್ತೂರಿ ಜಾಲಿ! ಅದರ ಒಗರು ಅಂಶ ಕಬ್ಬಿಣದೊಡನೆ ಸೇರಿ ಕಪ್ಪಾಗುತ್ತದೆ. ನಮ್ಮ ಹಿರಿಯರು ಅಳಲೆಕಾಯಿಗೆ ಅನ್ನಭೇದಿ ಸೇರಿಸಿ ಶಾಯಿ ಮಾಡುತ್ತಿದ್ದುದು ಇದೇ ತತ್ವದಿಂದ.

ಬೆಳ್ಳಿಯ ನಂತರದ ಸಂಪತ್ತು

ಸ್ಪೇನಿನ ಸಾಮ್ರಾಜ್ಯಕ್ಕೆ ಮೆಕ್ಸಿಕೊದಿಂದ ಹೋಗುತ್ತಿದ್ದ ಸಂಪತ್ತಿನಲ್ಲಿ ಮೊದಲನೆಯದು ಬೆಳ್ಳಿ, ಎರಡನೆಯದು ಈ ಹುಳು. ಅದರ ದೊಡ್ಡ ಪಾಲು ವಾಹಾಕದ ರೈತರು ಬೆಳೆದದ್ದು. ಯೂರೋಪಿನ ರಾಜರ ನಿಲುವಂಗಿ, ಬ್ರಿಟಿಷ್ ಸೇನಾಧಿಕಾರಿಗಳ ಕೆಂಪು ಕೋಟು ಎಲ್ಲಕ್ಕೂ ಇದೇ ಬಣ್ಣ. ಸ್ಪೇನಿನವರು ಗುಟ್ಟನ್ನು ಎಷ್ಟು ಬಿಗಿಯಾಗಿ ಕಾಪಾಡಿದರೆಂದರೆ ಇದು ಬೀಜವೋ ಹಣ್ಣೋ ಹುಳುವೋ ಎಂದು ಯೂರೋಪಿನ ಪಂಡಿತರು ನೂರಾರು ವರ್ಷ ಜಗಳವಾಡಿದರು. ಡಚ್ಚರ ಲೇವನ್‌ಹುಕ್ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ ಇದು ಕೀಟವೆಂದು ಕಂಡುಕೊಂಡ. 1777ರಲ್ಲಿ ಥಿಯೆರಿ ದ ಮೆನೊನ್‌ವಿಲ್ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞ ವಾಹಾಕಕ್ಕೆ ಬಂದು ಹುಳು ಕೂತ ಕಳ್ಳಿಯನ್ನು ಕದ್ದೊಯ್ದ.

ಈ ಕಳ್ಳತನದ ಆಸೆ ನಮ್ಮ ನಾಡಿನವರೆಗೂ ಬಂತು. ಮದರಾಸಿನಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಜೇಮ್ಸ್ ಆಂಡರ್ಸನ್ 1780ರ ದಶಕದಿಂದ ಕೊಚಿನೀಲ್ ಬೆಳೆಸುವ ಹಂಬಲಕ್ಕೆ ಬಿದ್ದ, ಕಳ್ಳಿಯ ತೋಟವನ್ನೂ ಮಾಡಿಸಿದ. 1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬಾತ ಬ್ರೆಜಿಲ್‌ನಿಂದ ಹುಳುಗಳನ್ನು ಕಲ್ಕತ್ತೆಗೆ ತಂದ. ಆದರೆ ತಂದದ್ದು ಬೇರೊಂದು ಜಾತಿ. ಬಣ್ಣ ಕಳಪೆ, ಹಸಿವು ಮಾತ್ರ ಅಪಾರ. ಅದು ಒಂದು ಜಾತಿಯ ಪಾಪಾಸುಕಳ್ಳಿಯನ್ನು ತಿಂದು ತೇಗಿತು. ಬಣ್ಣದ ಯೋಜನೆ ನೆಲಕಚ್ಚಿತು. ಆದರೆ ಹೊಲಗಳನ್ನು ನುಂಗುತ್ತಿದ್ದ ಕಳ್ಳಿಯನ್ನು ಅಳಿಸಲು ಇದೇ ಹುಳುವನ್ನು 1836ರಿಂದ 1838ರ ವರೆಗೆ ದಕ್ಷಿಣ ಭಾರತದಲ್ಲಿ ಬೇಕೆಂದೇ ಬಿಟ್ಟರು. ಒಂದು ಜೀವಿಯಿಂದ ಇನ್ನೊಂದನ್ನು ಹತೋಟಿಗೆ ತರುವ ಜೈವಿಕ ನಿಯಂತ್ರಣಕ್ಕೆ ಜಗತ್ತಿನ ಮೊದಮೊದಲ ಉದಾಹರಣೆಗಳಲ್ಲಿ ಇದೊಂದು. ಇನ್ನೊಂದು ಜಾತಿಯ ಕಳ್ಳಿಗಾಗಿ 1926ರಲ್ಲಿ ಮತ್ತೊಂದು ಜಾತಿಯ ಕೊಚಿನೀಲ್ ಹುಳು ಸಿಂಹಳದ ಮೂಲಕ ಬಂತು. ಬಯಲುಸೀಮೆಯ ಬೇಲಿಯ ಪಾಪಾಸುಕಳ್ಳಿಯ ಮೇಲೆ ಬಿಳಿ ಬೂಷ್ಟು ಕಂಡರೆ ಒತ್ತಿ ನೋಡಿ. ಬೆರಳು ಕೆಂಪಾದರೆ ಅದು ಅದೇ ಕುಲದ ಕೀಟ. ಕನ್ನಡದ ‘ಕಿರಮಂಜಿ’ ಬಣ್ಣದ ಹೆಸರೂ ಪರ್ಷಿಯನ್ ಕಡೆಯಿಂದ ಬಂದದ್ದು. ಅದು ನಮ್ಮ ‘ಕೃಮಿ’ ಶಬ್ದದ ಬಂಧು.

1856ರಲ್ಲಿ ಇಂಗ್ಲೆಂಡಿನ ಹದಿನೆಂಟರ ಹುಡುಗ ಪರ್ಕಿನ್ ಕೃತಕ ನೇರಳೆ ಬಣ್ಣ ತಯಾರಿಸಿದ. ಅಲ್ಲಿಂದ ಮುಂದೆ ಒಂದೊಂದೇ ಕೃತಕ ಬಣ್ಣ ಬಂದು ವಾಹಾಕದ ಹುಳುವಿನ ಬೆಲೆ ಕುಸಿಯಿತು. 1897ರಲ್ಲಿ ಜರ್ಮನಿಯ ಕೃತಕ ನೀಲಿ ಪೇಟೆಗೆ ಬಂದಾಗ ಭಾರತದ ನೀಲಿ ಬೆಳೆಗೂ ಅದೇ ಗತಿಯಾಯಿತು. ಪ್ರಯೋಗಾಲಯದ ಒಂದು ಸೀಸೆ ಎರಡು ದೇಶಗಳ ರೈತರ ಬದುಕನ್ನು ಅಲುಗಿಸಿದ್ದು ಹೀಗೆ. ಟಿಯೋಟಿಟ್ಲಾನಿನಲ್ಲೂ ಪುಡಿಯ ಬಣ್ಣ ಬಳಕೆಗೆ ಬಂತು. 1970ರ ದಶಕದ ನಂತರ ಕೆಲವು ಮನೆತನಗಳು ಹಳೆಯ ವಿದ್ಯೆಯನ್ನು ಮತ್ತೆ ಹಿಡಿದವು. ಇಂದು ಎರಡೂ ಇವೆ. ‘ಎಲ್ಲ ನೈಸರ್ಗಿಕ’ ಎಂದು ಹೇಳಿ ಪುಡಿಯ ಬಣ್ಣದ್ದನ್ನು ಮಾರುವ ವ್ಯಾಪಾರಿಗಳೂ ಇದ್ದಾರೆ. ನೈಸರ್ಗಿಕವಾದದ್ದೆಲ್ಲ ನಿರಪಾಯ ಎಂದೂ ತಿಳಿಯಬಾರದು. ಕ್ರೋಮಿಯಂನಂಥ ವರ್ಣಬಂಧಕ ಬಳಸಿದ ನೀರನ್ನು ಚರಂಡಿಗೆ ಬಿಟ್ಟರೆ ಹೂವಿನ ಬಣ್ಣವೂ ವಿಷವೇ. ಒಳ್ಳೆಯ ನೇಕಾರರು ಪಟಿಕಕ್ಕೆ ಅಂಟಿಕೊಳ್ಳುವುದು ಅದಕ್ಕೇ. ಅಂದಹಾಗೆ, ವಿದೇಶಿ ತಿನಿಸುಗಳ ಪೊಟ್ಟಣದ ಮೇಲೆ ‘ಇ-120’ ಎಂದಿದ್ದರೆ ಅದು ಈ ಹುಳುವಿನ ಬಣ್ಣ. ಸಸ್ಯಾಹಾರಿಗಳು ಗಮನಿಸಬೇಕು.

ದುಡಿಮೆ ಯಾರದು, ಹಣ ಯಾರದು?

ನೇಯ್ದವರಿಗೆ ಏನು ದಕ್ಕುತ್ತದೆ ಎಂಬ ಪ್ರಶ್ನೆಯನ್ನು ಕೇಳದಿದ್ದರೆ ಈ ಪರಿಚಯ ಅರ್ಧವಾದೀತು. 1942ರಿಂದ 1964ರ ವರೆಗೆ ಅಮೆರಿಕದ ಹೊಲಗಳಲ್ಲಿ ದುಡಿಯಲು ಮೆಕ್ಸಿಕೊದ ಗಂಡಸರನ್ನು ಕರಾರಿನ ಮೇಲೆ ಕರೆದೊಯ್ಯುವ ‘ಬ್ರಾಸೆರೊ’ ಯೋಜನೆಯಿತ್ತು. ಈ ಊರಿನವರೂ ಹೋದರು. ಗಂಡಸರಿಲ್ಲದ ಮನೆಗಳಲ್ಲಿ ಹೆಂಗಸರು ಮಗ್ಗಕ್ಕೆ ಇಳಿದರು. ಮುಂದೆ ಪ್ರವಾಸಿಗಳು, ಅಮೆರಿಕದ ಸಗಟು ಖರೀದಿದಾರರು ಬಂದರು. ಬಂಡವಾಳವಿದ್ದ ಕುಟುಂಬಗಳು ವ್ಯಾಪಾರಿಗಳಾದವು. ಇಲ್ಲದವರು ಅವರು ಕೊಟ್ಟ ನೂಲನ್ನು ತುಂಡಿಗಿಷ್ಟು ಕೂಲಿಗೆ ನೇಯ್ದರು. ಇಳಕಲ್, ಗುಳೇದಗುಡ್ಡಗಳ ಓದುಗರಿಗೆ ಇದನ್ನು ವಿವರಿಸಬೇಕಿಲ್ಲ.

ಅಮೆರಿಕದ ವ್ಯಾಪಾರಿಗಳು ಝಪೊಟೆಕ್ ನೇಕಾರರಿಂದ ಅಮೆರಿಕದ ನವಾಹೊ ಬುಡಕಟ್ಟಿನ ವಿನ್ಯಾಸಗಳನ್ನು ಅಗ್ಗಕ್ಕೆ ನೇಯಿಸಿದರು. ನವಾಹೊ ಹೆಂಗಸರಿಗೆ ಅದರಿಂದ ನಷ್ಟವಾಯಿತು. ನವಾಹೊ ಮಾದರಿಯ ಅಗ್ಗದ ನಕಲುಗಳು ಭಾರತದಿಂದಲೂ ಅಮೆರಿಕದ ಪೇಟೆಗೆ ಹೋಗಿವೆ. ಒಬ್ಬ ಬಡ ನೇಕಾರ ಇನ್ನೊಬ್ಬ ಬಡ ನೇಕಾರನ ಅನ್ನ ಕೀಳುವಂತೆ ಪೇಟೆ ಮಾಡುತ್ತದೆ. ಇದರಲ್ಲಿ ನೇಕಾರನ ತಪ್ಪೇನಿದೆ?

ಇದಕ್ಕೆ ಊರಿನ ಹೆಂಗಸರು ಕಂಡುಕೊಂಡ ಉತ್ತರ ಸಂಘ. ‘ವಿದಾ ನುಯೆವಾ’ ಎಂಬುದು ಅಂಥದೊಂದು ಸಹಕಾರ ಸಂಘ. ಅರ್ಥ ‘ಹೊಸ ಬದುಕು’. ವಿಧವೆಯರು, ಮದುವೆಯಾಗದವರು, ಗಂಡ ದೂರದೇಶಕ್ಕೆ ದುಡಿಯಲು ಹೋದವರು ಸೇರಿ ಕಟ್ಟಿದ್ದು. ದಲ್ಲಾಳಿಯ ಕೈಗೆ ಕೊಡದೆ ತಾವೇ ನೇಯ್ದು, ತಾವೇ ಬೆಲೆ ಕಟ್ಟಿ, ತಾವೇ ಮಾರಿದರು. ಊರಿನ ಸಾರ್ವಜನಿಕ ಕೆಲಸಗಳಲ್ಲೂ ಹೆಂಗಸರ ಮಾತಿಗೆ ಬೆಲೆ ಬರತೊಡಗಿತು. ಊರವರೇ ನಡೆಸುವ ವಸ್ತುಸಂಗ್ರಹಾಲಯವೊಂದು 1995ರಿಂದ ಅಲ್ಲಿದೆ. ಹಳೆಯ ಕೆತ್ತನೆಯ ಕಲ್ಲು, ಮಗ್ಗ, ಮದುವೆಯ ಪದ್ಧತಿ ಎಲ್ಲವನ್ನೂ ತಮ್ಮ ಮಾತಿನಲ್ಲೇ ವಿವರಿಸಿಟ್ಟಿದ್ದಾರೆ.

ಮಗ್ಗವೋ ಶಾಲೆಯೋ?

ತಂದೆತಾಯಿಗಳಿಗೆ ಹೇಳಬೇಕಾದದ್ದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಟಿಯೋಟಿಟ್ಲಾನಿನ ಮಕ್ಕಳು ಏಳ್ಹತ್ತು ವರ್ಷದವರಿದ್ದಾಗಲೇ ಉಣ್ಣೆ ಹಿಂಜುವುದು, ಉಂಡೆ ಸುತ್ತುವುದು ಕಲಿಯುತ್ತಾರೆ. ಆಮೇಲೆ ಸರಳ ಪಟ್ಟಿ, ಆಮೇಲೆ ಗ್ರೇಕಾ. ಆದರೆ ನೂರು ಗಂಟೆಯ ನೇಯ್ಗೆಗೆ ಸಿಗುವ ಹಣವನ್ನು ಅಮೆರಿಕದ ಹೋಟೆಲಿನಲ್ಲಿ ಪಾತ್ರೆ ತೊಳೆದು ಕೆಲವೇ ದಿನದಲ್ಲಿ ಗಳಿಸಬಹುದು ಎಂದು ಹುಡುಗರಿಗೆ ಗೊತ್ತಿದೆ. ಓದಿದವರು ವೈದ್ಯರು, ಶಿಕ್ಷಕರು ಆಗುತ್ತಾರೆ. ಆಗಲೂ ಬೇಕು. ಮಗ ಮಗ್ಗದಲ್ಲೇ ಇರಲಿ ಎಂದು ಹೇಳುವ ಹಕ್ಕು ಆ ಕಂಬಳಿಯನ್ನು ಗೋಡೆಗೆ ತೂಗುಹಾಕಿಕೊಳ್ಳುವ ನಮಗಿಲ್ಲ.

ಭಾಷೆಯದೂ ಇದೇ ಸಂಕಟ. 2020ರ ಜನಗಣತಿಯಲ್ಲಿ ಮೆಕ್ಸಿಕೊದಲ್ಲಿ ಝಪೊಟೆಕ್ ಭಾಷೆಗಳನ್ನಾಡುವವರು ಸುಮಾರು 4.9 ಲಕ್ಷ. ಸ್ವರದ ಏರಿಳಿತದಿಂದಲೇ ಅರ್ಥ ಬದಲಾಗುವ ಭಾಷೆ ಅದು. ಬಹುಕಾಲ ಶಾಲೆಯಲ್ಲಿ ಸ್ಪ್ಯಾನಿಷ್ ಮಾತ್ರ ನಡೆಯುತ್ತಿತ್ತು; ಮಕ್ಕಳು ಮನೆಮಾತಿಗೆ ನಾಚುವಂತಾಯಿತು. ಮೂಲನಿವಾಸಿ ಭಾಷೆಗಳಿಗೆ ಕಾನೂನಿನ ಹಕ್ಕು ಸಿಕ್ಕಿದ್ದು 2003ರಲ್ಲಿ. ಆದರೂ ಅಜ್ಜಿ ಝಪೊಟೆಕ್‌ನಲ್ಲಿ ಕೇಳಿದರೆ ಮೊಮ್ಮಗ ಸ್ಪ್ಯಾನಿಷ್‌ನಲ್ಲಿ ಉತ್ತರಿಸುವುದು ಅಲ್ಲಿ ಸಾಮಾನ್ಯ. ನಮ್ಮ ಪಟ್ಟಣಗಳ ಮನೆಗಳಲ್ಲಿ ಯಾವ ಭಾಷೆಯ ಪ್ರಶ್ನೆಗೆ ಯಾವ ಭಾಷೆಯ ಉತ್ತರ ಬರುತ್ತಿದೆ, ಓದುಗರೇ ನೋಡಿಕೊಳ್ಳಬಹುದು.

ವಾಹಾಕದ ಬೆಟ್ಟದ ಒಂದು ಹಳ್ಳಿಯಲ್ಲಿ 1806ರ ಮಾರ್ಚ್ 21ರಂದು ಬೆನಿತೊ ಹುವಾರೆಸ್ ಎಂಬ ಝಪೊಟೆಕ್ ಮಗು ಹುಟ್ಟಿತು. ಮೂರು ವರ್ಷಕ್ಕೆ ತಂದೆತಾಯಿ ಇಬ್ಬರೂ ಇಲ್ಲ. 1818ರಲ್ಲಿ, ಹನ್ನೆರಡರ ವಯಸ್ಸಿನಲ್ಲಿ ನಡೆದುಕೊಂಡು ವಾಹಾಕ ನಗರಕ್ಕೆ ಬಂದಾಗ ಅವನಿಗೆ ಸ್ಪ್ಯಾನಿಷ್ ಬಾರದು. ಅಡುಗೆ ಕೆಲಸದ ಅಕ್ಕನ ಆಸರೆಯಲ್ಲಿ ಓದಿ, ವಕೀಲನಾಗಿ, 1858ರಿಂದ 1872ರ ವರೆಗೆ ಮೆಕ್ಸಿಕೊದ ಅಧ್ಯಕ್ಷನಾದ. ಅವನ ಜನ್ಮದಿನ ಇಂದು ಅಲ್ಲಿ ರಾಷ್ಟ್ರೀಯ ಹಬ್ಬ. ಶಾಲೆ ಏನು ಮಾಡಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಶಾಲೆ ಬೇಕು. ಆದರೆ ಮನೆಯಲ್ಲಿ ಕೈಯಿಂದ ಕಲಿತದ್ದು ವಿದ್ಯೆಯೇ ಅಲ್ಲ ಎಂದು ಮಗುವಿಗೆ ಅನಿಸುವಂತೆ ಶಾಲೆ ನಡೆಯಬಾರದು. ಬಣ್ಣದ ತೊಟ್ಟಿಯ ಮುಂದೆ ನಿಂತ ಹೆಣ್ಣುಮಗಳಿಗೆ ಪಿಎಚ್ ಎಂಬ ಪದ ಗೊತ್ತಿಲ್ಲದಿರಬಹುದು. ಎಷ್ಟು ನಿಂಬೆರಸಕ್ಕೆ ಯಾವ ಕೆಂಪು ಬರುತ್ತದೆ ಎಂಬುದು ಗೊತ್ತು. ನಮ್ಮ ಮಕ್ಕಳಿಗೆ ಪದ ಗೊತ್ತು. ಎರಡನ್ನೂ ಬಲ್ಲ ಹುಡುಗನೋ ಹುಡುಗಿಯೋ ಎರಡು ಕಡೆಯೂ ಬೇಕು. ಕುರುಬರ ಕಂಬಳಿ, ನವಲಗುಂದದ ಜಮಖಾನೆ, ಇಳಕಲ್ ಸೀರೆ ನೇಯುವ ಮನೆಯ ಮಕ್ಕಳು ತರಗತಿಯಲ್ಲಿದ್ದರೆ ಶಿಕ್ಷಕರು ಅವರನ್ನು ಹಿಂದಿನ ಬೆಂಚಿನಿಂದ ಕರೆದು, ಓರೆ ಗೆರೆ ಹೇಗೆ ಎಣಿಸುತ್ತೀರಿ ಎಂದು ಕೇಳಬೇಕು. ಅಂದು ಪಾಠ ಅವರದಾಗಲಿ.

ಈ ರಜೆಯಲ್ಲಿ ಮಾಡಬಹುದಾದ ಒಂದು ಸಣ್ಣ ಕೆಲಸ: ಬಿಳಿ ಉಣ್ಣೆಯ ನೂಲಿನ ನಾಲ್ಕು ತುಂಡು ತೆಗೆದುಕೊಳ್ಳಿ. ಎರಡನ್ನು ದೊಡ್ಡವರ ಸಹಾಯದಿಂದ ಪಟಿಕದ ನೀರಿನಲ್ಲಿ ಅರ್ಧ ಗಂಟೆ ಕಾಯಿಸಿ. ನಾಲ್ಕನ್ನೂ ಚೆಂಡುಹೂವು ಕುದಿಸಿದ ನೀರಿನಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸಿ, ಸೋಪು ಹಾಕಿ ತೊಳೆಯಿರಿ. ಯಾವುದರ ಬಣ್ಣ ನಿಂತಿತು, ಯಾವುದರದು ಹೋಯಿತು ಎಂದು ಬರೆದಿಟ್ಟುಕೊಳ್ಳಿ. ಆಮೇಲೆ ಒಂದೊಂದು ಜೊತೆಯಲ್ಲಿ ಒಂದನ್ನು ಕಿಟಕಿಯ ಬಿಸಿಲಿಗೂ ಇನ್ನೊಂದನ್ನು ಪುಸ್ತಕದೊಳಗೂ ಇಟ್ಟು ಹದಿನೈದು ದಿನಕ್ಕೆ ಹೋಲಿಸಿ. ಶಾಲೆ ತೆರೆದ ದಿನ ಆ ನಾಲ್ಕು ಎಳೆಗಳನ್ನು ವಿಜ್ಞಾನದ ಮೇಷ್ಟ್ರಿಗೆ ತೋರಿಸಿ.